ಸೆಷನ್ಸ್ ಕೋರ್ಟಿನಲ್ಲಿ ಗಲ್ಲು ಶಿಕ್ಷೆ ಆಗಿದೆ, ಮುಂದೇನು? ವಕೀಲರನ್ನು ಯಾರು ಕೊಡುತ್ತಾರೆ?

ಮದ್ದೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಓದಿದ ಹುಡುಗನೊಬ್ಬ ಕೊಲೆ ಕೇಸಿನಲ್ಲಿ ಜೈಲಿನಲ್ಲಿದ್ದ. ಈಗ ಸೆಷನ್ಸ್ ಕೋರ್ಟ್ ಅವನಿಗೆ ಗಲ್ಲು ಶಿಕ್ಷೆ ಕೊಟ್ಟಿದೆ. ಯಾವ ಊರು, ಯಾವ ಕೇಸು ಅಂತ ಬರೆಯುವುದಿಲ್ಲ. ದಯವಿಟ್ಟು ಯಾರೂ ಊಹೆ ಮಾಡಬೇಡಿ, ಎರಡು ಮನೆಗಳ ನೋವಿನ ವಿಷಯ ಇದು.

ಅವನ ತಾಯಿ ಕೂಲಿ ಮಾಡುವವರು, ಓದು ಬರಹ ಇಲ್ಲ. ಪೇಪರಿನಲ್ಲಿ ಬಂದ ದಿನದಿಂದ "ಯಾವಾಗ ಗಲ್ಲಿಗೆ ಹಾಕ್ತಾರೆ ಮೇಷ್ಟ್ರೇ" ಅಂತ ಕೇಳುತ್ತಿದ್ದಾರೆ. ನನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಇರುವುದು ಇಪ್ಪತ್ತು ಗುಂಟೆ ಜಮೀನು. ಅದನ್ನು ಮಾರಿ ಬೆಂಗಳೂರಿನ ದೊಡ್ಡ ವಕೀಲರನ್ನು ಹಿಡಿಯೋಣ ಅಂತ ಸಂಬಂಧಿಕರು ಹೇಳುತ್ತಿದ್ದಾರೆ. ಗೊತ್ತಿದ್ದವರು ದಾರಿ ಹೇಳಿ.

ಕೆ.ಆರ್. ಪೇಟೆ ಗೌಡ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೂ ಕೇಳುತ್ತೇನೆ. ಕೋರ್ಟೇ ವಿಚಾರಣೆ ಮಾಡಿ ತಪ್ಪಿತಸ್ಥ ಅಂತ ಹೇಳಿದ ಮೇಲೆ ಮತ್ತೆ ಅಪೀಲು, ಮತ್ತೆ ಸರ್ಕಾರಿ ಖರ್ಚಿನಲ್ಲಿ ವಕೀಲರು ಯಾಕೆ? ಸತ್ತವರ ಮನೆಯವರಿಗೆ ಯಾರು ವಕೀಲರನ್ನು ಕೊಡುತ್ತಾರೆ?

ಮಂಡ್ಯ ವಕೀಲ

ಮೇಷ್ಟ್ರೇ, ಮೊದಲು ಆ ತಾಯಿಗೆ ಒಂದು ಮಾತು ಹೇಳಿ. ಸೆಷನ್ಸ್ ಕೋರ್ಟ್ ಗಲ್ಲು ಶಿಕ್ಷೆ ಅಂತ ಬರೆದ ಮಾತ್ರಕ್ಕೆ ಯಾರನ್ನೂ ಗಲ್ಲಿಗೆ ಹಾಕುವಂತಿಲ್ಲ. ಸೆಷನ್ಸ್ ನ್ಯಾಯಾಧೀಶರು ಇಡೀ ಕೇಸಿನ ಕಡತವನ್ನು ತಾವಾಗಿಯೇ ಹೈಕೋರ್ಟಿಗೆ ಕಳಿಸಬೇಕು. ಹೈಕೋರ್ಟ್ ಖಾಯಂ ಮಾಡುವವರೆಗೆ ಆ ಶಿಕ್ಷೆ ಜಾರಿಯಾಗುವುದಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 366ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 407. ಮನೆಯವರು ಅಪೀಲು ಹಾಕದೇ ಇದ್ದರೂ ಇದು ನಡೆದೇ ನಡೆಯುತ್ತದೆ.

ಹೈಕೋರ್ಟಿನಲ್ಲಿ ಕನಿಷ್ಠ ಇಬ್ಬರು ನ್ಯಾಯಾಧೀಶರು ಕೂತು ಕೇಳುತ್ತಾರೆ. ಅವರು ಸುಮ್ನೆ ಕೆಳಗಿನ ತೀರ್ಪಿಗೆ ಸಹಿ ಹಾಕುವವರಲ್ಲ. ಪ್ರತಿಯೊಂದು ಸಾಕ್ಷ್ಯವನ್ನೂ ಹೊಸದಾಗಿ ತೂಗಿ ನೋಡಬೇಕು. ಇನ್ನಷ್ಟು ಸಾಕ್ಷ್ಯ ಬೇಕು ಅನ್ನಿಸಿದರೆ ತರಿಸಬಹುದು. ಶಿಕ್ಷೆ ಕಡಿಮೆ ಮಾಡಬಹುದು, ಮರುವಿಚಾರಣೆ ಅನ್ನಬಹುದು, ಬಿಟ್ಟುಬಿಡಲೂಬಹುದು. ಇಬ್ಬರಲ್ಲಿ ಒಮ್ಮತ ಬರದಿದ್ದರೆ ಮೂರನೆಯ ನ್ಯಾಯಾಧೀಶರ ಮುಂದೆ ಹೋಗುತ್ತದೆ.

ಹೀಗಿದ್ದರೂ ಅಪೀಲು ಬೇರೆಯಾಗಿ ಹಾಕಲೇಬೇಕು. ಗಲ್ಲು ಶಿಕ್ಷೆಗೆ ಅದರ ಗಡುವು 30 ದಿನ. ಆ ಗಡುವನ್ನು ನ್ಯಾಯಾಧೀಶರೇ ಆರೋಪಿಗೆ ತಿಳಿಸಬೇಕು, ತೀರ್ಪಿನ ದೃಢೀಕೃತ ನಕಲನ್ನೂ ಅವನು ಕೇಳದೇ ಇದ್ದರೂ ಪುಕ್ಕಟೆಯಾಗಿ ಕೊಡಬೇಕು. ಹುಡುಗನ ಕೈಗೆ ಆ ನಕಲು ಬಂದಿದೆಯಾ ಕೇಳಿ. ಅದನ್ನು ಮಾಡಿಸಿಕೊಡುತ್ತೇನೆ ಅಂತ ಕೋರ್ಟಿನ ಹತ್ತಿರ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಗೌಡ್ರೇ, ನಿಮ್ಮ ಪ್ರಶ್ನೆಗೆ ಸಂಜೆ ಬರೆಯುತ್ತೇನೆ. ಈಗ ಕೋರ್ಟಿಗೆ ಹೊರಟೆ.

ಮದ್ದೂರು ಮೇಷ್ಟ್ರು

ತುಂಬಾ ಉಪಕಾರ ಸಾರ್. ಇದನ್ನು ಓದಿ ಹೇಳಿದೆ, ಆಯಮ್ಮ ಸ್ವಲ್ಪ ಉಸಿರು ಬಿಟ್ಟರು. ನಕಲು ಬಂದಿದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಕೆಳಗಿನ ಕೋರ್ಟಿನಲ್ಲಿ ಊರಿನವರೊಬ್ಬರು ಗೊತ್ತುಮಾಡಿಕೊಟ್ಟ ವಕೀಲರು ಇದ್ದರಂತೆ. ಕೊನೆಕೊನೆಗೆ ಅವರು ಸರಿಯಾಗಿ ಬರುತ್ತಿರಲಿಲ್ಲವಂತೆ.

ಪಾಂಡವಪುರ ಅಕ್ಕ

ಜಮೀನು ಮಾರಬೇಡಿ ಅಂತ ಹೇಳಿ ಮೇಷ್ಟ್ರೇ. ನಮ್ಮ ಸಂಬಂಧಿಕರ ಮನೆಯಲ್ಲಿ ಹೀಗೇ ಮಾರಿದರು. ಫೀಸು ತೆಗೆದುಕೊಂಡವರು ಎರಡು ಸಲ ನಿಂತು ಆಮೇಲೆ ಜೂನಿಯರ್ ಕೈಗೆ ಬಿಟ್ಟರು. ಜಮೀನೂ ಹೋಯಿತು, ಕೇಸೂ ಹೋಯಿತು. ಕಾನೂನು ಸೇವಾ ಪ್ರಾಧಿಕಾರ ಅಂತ ಪ್ರತಿ ಜಿಲ್ಲಾ ಕೋರ್ಟಿನಲ್ಲೂ ಇದೆ, ಮೊದಲು ಅಲ್ಲಿ ಕೇಳಿ.

ಮಂಡ್ಯ ವಕೀಲ

ಅಕ್ಕ ಹೇಳಿದ್ದು ಸರಿ. ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲೇ ಇದೆ. ಗೌಡ್ರೇ, ನೀವು ಕೇಳಿದ್ದಕ್ಕೂ ಅದೇ ಕಲಮಿನಲ್ಲಿ ಉತ್ತರ ಇದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ನೆರವು ಕೊಡಬೇಕು ಅಂತ ಅದು ಹೇಳುತ್ತದೆ. ಸತ್ತವರ ತಾಯಿ, ಹೆಂಡತಿ ಹೋಗಿ ಕೇಳಿದರೆ ಅವರಿಗೂ ವಕೀಲರು ಸಿಗುತ್ತಾರೆ. ಸರ್ಕಾರಿ ಅಭಿಯೋಜಕರಿಗೆ ನೆರವಾಗಿ ತಮ್ಮ ವಕೀಲರನ್ನು ಇಟ್ಟುಕೊಳ್ಳುವ ಹಕ್ಕೂ ಅವರಿಗಿದೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ತಪ್ಪಿತಸ್ಥ ಅಂತಾದ ಮೇಲೆ ಯಾಕೆ ಇಷ್ಟೆಲ್ಲ ಅಂತ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮಧ್ಯಪ್ರದೇಶದ ಖಾಂಡ್ವಾದಲ್ಲಿ 2013ರಲ್ಲಿ ಅನೋಖಿಲಾಲ್ ಅನ್ನುವ ಯುವಕನ ಮೇಲೆ ಮಗುವಿನ ಅತ್ಯಾಚಾರ, ಕೊಲೆಯ ಆರೋಪ ಬಂತು. ಕೇಳಿದವರ ರಕ್ತ ಕುದಿಯುವಂಥ ಕೇಸು. ಕಾನೂನು ನೆರವಿನ ವಕೀಲರನ್ನು ನೇಮಿಸಿದ ದಿನವೇ ಆರೋಪ ನಿಗದಿ ಮಾಡಿದರು. ಆ ವಕೀಲರಿಗೆ ಕಡತ ಓದಲು, ಆರೋಪಿಯ ಹತ್ತಿರ ಮಾತಾಡಲು ಸಮಯವೇ ಸಿಗಲಿಲ್ಲ. ಫೆಬ್ರವರಿಯಲ್ಲಿ ಬಂಧನ, ಮಾರ್ಚ್ ಮೊದಲ ವಾರದಲ್ಲಿ ಗಲ್ಲು. ಹೈಕೋರ್ಟ್ ಖಾಯಂ ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ಇದು ವಿಚಾರಣೆಯೇ ಅಲ್ಲ ಅಂತ ಹೇಳಿ ಎಲ್ಲವನ್ನೂ ರದ್ದು ಮಾಡಿ ವಾಪಸ್ ಕಳಿಸಿತು. ಅದಾದ ಮೇಲೂ ಅವನಿಗೆ ಮತ್ತೊಮ್ಮೆ ಗಲ್ಲು ಆಯಿತು, ಮತ್ತೆ ಅಪೀಲು ಆಯಿತು. ಕೊನೆಗೆ 2024ರಲ್ಲಿ ಅವನು ನಿರ್ದೋಷಿ ಅಂತ ಬಿಡುಗಡೆಯಾದ. ಹನ್ನೊಂದು ವರ್ಷ. ಹಾಗಾದರೆ ಆ ಮಗುವನ್ನು ಕೊಂದವರು ಯಾರು? ಈಗ ಯಾರನ್ನು ಹುಡುಕುವುದು? ಆ ಮಗುವಿನ ತಂದೆ ತಾಯಿಗೆ ಮೋಸ ಆಗಿದ್ದು ಅಪೀಲಿನಿಂದ ಅಲ್ಲ, ಆ ಒಂದು ತಿಂಗಳ ಅವಸರದಿಂದ.

ಆ 2019ರ ತೀರ್ಪಿನಿಂದ ಒಂದು ಒಳ್ಳೆಯದಾಯಿತು. ಗಲ್ಲು ಅಥವಾ ಜೀವಾವಧಿ ಆಗಬಹುದಾದ ಕೇಸಿನಲ್ಲಿ ಕೋರ್ಟು ನೇಮಿಸುವ ವಕೀಲರಿಗೆ ಕನಿಷ್ಠ ಹತ್ತು ವರ್ಷದ ಅನುಭವ ಇರಬೇಕು, ತಯಾರಿಗೆ ಸಾಮಾನ್ಯವಾಗಿ ಏಳು ದಿನವಾದರೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಏಳು ದಿನ ಏನೇನೂ ಸಾಲದು ಅಂತ ನನ್ನ ಅಭಿಪ್ರಾಯ. ಆದರೂ ಅದೊಂದು ಮಿತಿ.

ಕೆ.ಆರ್. ಪೇಟೆ ಗೌಡ

ಈ ಕೇಸು ನನಗೆ ಗೊತ್ತಿರಲಿಲ್ಲ ವಕೀಲರೇ. ಆದರೆ ನೂರರಲ್ಲಿ ಒಂದು ಹೀಗೆ ಆಗಬಹುದು. ಉಳಿದ ತೊಂಬತ್ತೊಂಬತ್ತು?

ಗಂಗೋತ್ರಿ ವಿದ್ಯಾರ್ಥಿ

ಸಾರ್, ಲೆಕ್ಕ ಹಾಗಿಲ್ಲ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ಗಲ್ಲು ಶಿಕ್ಷೆ ಆದವರನ್ನು ಜೈಲುಗಳಲ್ಲಿ ಭೇಟಿ ಮಾಡಿ 2016ರಲ್ಲಿ ಒಂದು ವರದಿ ತಂದರು. ಕೆಳಗಿನ ಕೋರ್ಟುಗಳು ಕೊಟ್ಟ ಗಲ್ಲು ಶಿಕ್ಷೆಗಳಲ್ಲಿ ಕೊನೆಯವರೆಗೆ ಉಳಿದದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ಶಿಕ್ಷೆ ಆದವರಲ್ಲಿ ಸುಮಾರು ಮುಕ್ಕಾಲು ಪಾಲು ಬಡವರು. ಐದು ಮಾತ್ರ ಉಳಿಯುತ್ತದೆ ಅಂದರೆ ಮೊದಲ ಹಂತದಲ್ಲೇ ಏನೋ ತಪ್ಪುತ್ತಿದೆ, ಅಲ್ವಾ?

ನಂಜನಗೂಡು ನಿವಾಸಿ

ನಾನು ಈ ವೇದಿಕೆಯಲ್ಲಿ ಹೆಚ್ಚು ಬರೆಯುವವನಲ್ಲ. ಇವತ್ತು ಬರೆಯುತ್ತೇನೆ. ನಮ್ಮ ಮನೆಯಲ್ಲಿ ಕೊಲೆ ಆಗಿದೆ. ನನ್ನ ತಂಗಿ. ಕೇಸು ಇನ್ನೂ ಅಪೀಲಿನಲ್ಲಿದೆ.

ನೀವೆಲ್ಲ ಆರೋಪಿಯ ಹಕ್ಕಿನ ಬಗ್ಗೆ ಮಾತಾಡುತ್ತಿದ್ದೀರಿ. ತಪ್ಪು ಅನ್ನುವುದಿಲ್ಲ. ಆದರೆ ಪ್ರತಿ ಸಲ ಬೆಂಗಳೂರಿನಲ್ಲಿ ಕೇಸು ಮುಂದಕ್ಕೆ ಹೋದಾಗ ನಮ್ಮ ಅಪ್ಪ ಎರಡು ದಿನ ಊಟ ಬಿಡುತ್ತಾರೆ. ಇಂಥ ದಿನ ವಿಚಾರಣೆ ಅಂತ ನಮಗೆ ಯಾರೂ ಹೇಳುವುದಿಲ್ಲ. ಪೇಪರಿನವರು ಫೋನ್ ಮಾಡಿ "ನಿಮ್ಮ ಪ್ರತಿಕ್ರಿಯೆ ಏನು" ಅಂತ ಕೇಳಿದಾಗಲೇ ಗೊತ್ತಾಗುವುದು. ನಮಗೆ ಗಲ್ಲೇ ಬೇಕು ಅಂತಲ್ಲ. ಒಂದು ಸಲ ಮುಗಿಯಬೇಕು.

ಪಾಂಡವಪುರ ಅಕ್ಕ

ಅಣ್ಣ, ನಿಮ್ಮ ತಂಗಿಯ ವಿಷಯ ಓದಿ ಬಹಳ ಸಂಕಟ ಆಯಿತು. ಅಪ್ಪನನ್ನು ನೋಡಿಕೊಳ್ಳಿ.

ಮಂಡ್ಯ ವಕೀಲ

ನಂಜನಗೂಡಿನ ಅಣ್ಣನವರೇ, ನೀವು ಬರೆದಿದ್ದು ಒಳ್ಳೆಯದಾಯಿತು. ನಿಮ್ಮ ಮನೆಗೆ ದಿನಾಂಕ ತಿಳಿಸದೇ ಇರುವುದು ದೊಡ್ಡ ತಪ್ಪು. ಹೈಕೋರ್ಟಿನ ವೆಬ್‌ಸೈಟಿನಲ್ಲಿ ಕೇಸ್ ನಂಬರ್ ಹಾಕಿದರೆ ಮುಂದಿನ ದಿನಾಂಕ ಕಾಣುತ್ತದೆ. ಅದು ಕಷ್ಟ ಅನ್ನಿಸಿದರೆ ನನಗೆ ಖಾಸಗಿಯಾಗಿ ನಂಬರ್ ಕಳಿಸಿ, ನಾನೇ ನೋಡಿ ಹೇಳುತ್ತೇನೆ. ನಿಮ್ಮ ತಾಯಿಯವರ ಹೆಸರಿನಲ್ಲಿ ಕಾನೂನು ನೆರವಿಗೆ ಅರ್ಜಿ ಹಾಕಿದರೆ ಹೈಕೋರ್ಟ್ ಕಾನೂನು ಸೇವಾ ಸಮಿತಿಯಿಂದ ವಕೀಲರನ್ನು ಕೇಳಬಹುದು.

ಒಂದು ಸಲ ಮುಗಿಯಬೇಕು ಅಂದಿರಿ. ಅದೇ ನಾನೂ ಹೇಳುತ್ತಿರುವುದು. ಕೆಳಗಿನ ಕೋರ್ಟಿನಲ್ಲಿ ಆರೋಪಿಗೆ ಸರಿಯಾದ ವಕೀಲರು ಇದ್ದು, ಪಾಟೀಸವಾಲು ಸರಿಯಾಗಿ ನಡೆದಿದ್ದರೆ, ಮೇಲಿನ ಕೋರ್ಟಿನಲ್ಲಿ ಎಳೆದಾಡಲು ಏನೂ ಉಳಿಯುವುದಿಲ್ಲ. ಎಳೆದಾಟಕ್ಕೆ ದಾರಿಯಾಗುವುದು ಕೆಟ್ಟ ವಿಚಾರಣೆ.

ಅಪೀಲಿನಲ್ಲಿ ಹೊಸದಾಗಿ ಸಾಕ್ಷಿಗಳನ್ನು ಕರೆಯುವುದು ಬಹಳ ಅಪರೂಪ. ಮೇಲಿನವರು ನೋಡುವುದು ಕೆಳಗಿನ ಕೋರ್ಟಿನಲ್ಲಿ ಬರೆದುಕೊಂಡದ್ದನ್ನು. ಅಲ್ಲಿನ ವಕೀಲರು ಸಾಕ್ಷಿಗೆ ಕೇಳಬೇಕಾದ ಪ್ರಶ್ನೆ ಕೇಳದೇ ಇದ್ದರೆ, ಮಹಜರಿಗೆ ಸಹಿ ಹಾಕಿದ ಪಂಚರನ್ನು ಪಾಟೀಸವಾಲು ಮಾಡದೆ ಬಿಟ್ಟಿದ್ದರೆ, ಸುಪ್ರೀಂ ಕೋರ್ಟಿನಲ್ಲಿ ಎಷ್ಟೇ ದೊಡ್ಡ ವಕೀಲರು ನಿಂತರೂ ಆ ಪ್ರಶ್ನೆಗೆ ಉತ್ತರ ಹುಟ್ಟುವುದಿಲ್ಲ. ನಾಲೆಗೆ ನೀರು ಬಿಡದೆ ಕೊನೆ ಗದ್ದೆಯಲ್ಲಿ ನಿಂತು ಕೂಗಿದ ಹಾಗೆ.

ಕೆ.ಆರ್. ಮೊಹಲ್ಲಾ ಹಿರಿಯ

ಮೈಸೂರಿನವನಾಗಿ ಒಂದು ವಿಷಯ ಸೇರಿಸುತ್ತೇನೆ. 1993ರ ಏಪ್ರಿಲ್‌ನ ಪಾಲಾರ್ ಸ್ಫೋಟ ಇಲ್ಲಿನ ಹಿರಿಯರಿಗೆ ನೆನಪಿರುತ್ತದೆ. ವೀರಪ್ಪನ್ ಕಡೆಯವರು ಇಟ್ಟ ನೆಲಬಾಂಬಿಗೆ 22 ಜನ ಸತ್ತರು. ಪೊಲೀಸರು, ಅರಣ್ಯದವರು, ಮಾಹಿತಿ ಕೊಡುತ್ತಿದ್ದ ಬಡ ಹಳ್ಳಿಗರು. ಕೇಸು ನಡೆದದ್ದು ನಮ್ಮ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟಿನಲ್ಲಿ. ವರ್ಷಗಟ್ಟಲೆ ಜೈಲಿನಲ್ಲಿದ್ದ ಬಹುಪಾಲು ಆರೋಪಿಗಳು 2001ರಲ್ಲಿ ಬಿಡುಗಡೆಯಾದರು. ನಾಲ್ವರಿಗೆ ಜೀವಾವಧಿ ಆಯಿತು.

ಆ ನಾಲ್ವರು ಬಿಡುಗಡೆ ಕೇಳಿ ಸುಪ್ರೀಂ ಕೋರ್ಟಿಗೆ ಅಪೀಲು ಹೋದರು. ಟಾಡಾ ಕೇಸುಗಳಿಗೆ ಹೈಕೋರ್ಟ್ ಇರಲಿಲ್ಲ, ನೇರ ದೆಹಲಿ. ಅಲ್ಲಿ ಸುಪ್ರೀಂ ಕೋರ್ಟೇ ನೋಟಿಸ್ ಕೊಟ್ಟು 2004ರ ಜನವರಿಯಲ್ಲಿ ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಅಂದರೆ ಗಲ್ಲು ಅಂತ ಮೊದಲ ಸಲ ಕೇಳಿದ್ದೇ ದೇಶದ ಕೊನೆಯ ಕೋರ್ಟಿನಲ್ಲಿ. ಅದರ ಮೇಲೆ ಅಪೀಲು ಎಲ್ಲಿಗೆ? ರಾಷ್ಟ್ರಪತಿಗೆ ಕ್ಷಮಾದಾನದ ಅರ್ಜಿ ಹಾಕಿದರು. ಒಂಬತ್ತು ವರ್ಷ ಉತ್ತರ ಇಲ್ಲ. 2013ರ ಫೆಬ್ರವರಿಯಲ್ಲಿ ತಿರಸ್ಕಾರ ಆಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಇನ್ನೇನು ಗಲ್ಲು ಅನ್ನುವಾಗ ವಕೀಲರು ಓಡಾಡಿ ತಡೆ ತಂದರು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ ಇವರೂ ಸೇರಿ 15 ಜನರ ಗಲ್ಲು ಶಿಕ್ಷೆ ಜೀವಾವಧಿಗೆ ಇಳಿಯಿತು. ಕಾರಣ, ಅಷ್ಟು ವರ್ಷ ಸಾವನ್ನು ಕಾಯಿಸಿ ಕೂರಿಸಿದ್ದು.

ನಾನು ಸತ್ತ ಪೊಲೀಸರ ಮನೆಗಳನ್ನೂ ಬಲ್ಲೆ. ಅವರ ನೋವು ದೊಡ್ಡದು. ಆದರೂ ಆ ನಾಲ್ವರಿಗೆ ಕೊನೆಯ ಗಳಿಗೆಯಲ್ಲಿ ಓಡಾಡುವ ವಕೀಲರು ಸಿಗದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದಾಗ ಎದೆ ನಡುಗುತ್ತದೆ.

ಗಂಗೋತ್ರಿ ವಿದ್ಯಾರ್ಥಿ

ಅದೇ ತೀರ್ಪಿನಲ್ಲಿ ಇನ್ನೂ ಇದೆ. ಕ್ಷಮಾದಾನ ತಿರಸ್ಕಾರ ಆದ ಮೇಲೆ ಕೈದಿಗೂ ಮನೆಯವರಿಗೂ ಬರವಣಿಗೆಯಲ್ಲಿ ತಿಳಿಸಬೇಕು, ಗಲ್ಲಿಗೆ ಮುಂಚೆ 14 ದಿನ ಅಂತರ ಇರಬೇಕು, ಆ ಹಂತದಲ್ಲೂ ಕಾನೂನು ನೆರವು ಕೊಡಬೇಕು.

ಇನ್ನೊಂದು ವಿಷಯ ಕೇಳಬೇಕು. ಮೈಸೂರಿನಲ್ಲಿ 2020ರ ಜನವರಿಯಲ್ಲಿ ನಮ್ಮ ಕ್ಯಾಂಪಸ್‌ನಲ್ಲಿ ಫಲಕ ಹಿಡಿದ ಒಬ್ಬ ಯುವತಿಯ ಪರ ಯಾರೂ ವಕಾಲತ್ತು ಹಾಕಬಾರದು ಅಂತ ವಕೀಲರ ಸಂಘವೇ ನಿರ್ಣಯ ಮಾಡಿತ್ತು. ಆಮೇಲೆ ರಾಜ್ಯದ ಬೇರೆ ಬೇರೆ ಕಡೆಯ ನೂರಕ್ಕೂ ಹೆಚ್ಚು ವಕೀಲರು ವಕಾಲತ್ತಿಗೆ ಸಹಿ ಹಾಕಿದರು. ಅದು ಕೊಲೆ ಕೇಸಲ್ಲ, ಗಲ್ಲಿನ ಮಾತೇ ಇರಲಿಲ್ಲ. ಆದರೂ ಹಾಗಾಯಿತು. ಊರೇ ತಿರುಗಿಬಿದ್ದ ಕೊಲೆ ಕೇಸಿನಲ್ಲಿ ಏನು ಗತಿ? ಹೀಗೆ ನಿರ್ಣಯ ಮಾಡಬಹುದಾ ಸಾರ್?

ಮಂಡ್ಯ ವಕೀಲ

ಮಾಡಬಾರದು. 2010ರಲ್ಲೇ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ನಿರ್ಣಯಗಳೆಲ್ಲ ಅನೂರ್ಜಿತ ಅಂತ ಹೇಳಿದೆ. ಮುಂಬೈ ದಾಳಿಯ ಕಸಬ್‌ಗೂ ವಿಚಾರಣೆಯಿಂದ ಸುಪ್ರೀಂ ಕೋರ್ಟಿನವರೆಗೆ ವಕೀಲರನ್ನು ಕೊಟ್ಟರು. ಅವನ ಪರ ನಿಂತವರು ದೇಶದ್ರೋಹಿಗಳಲ್ಲ, ತಮ್ಮ ಕೆಲಸ ಮಾಡಿದವರು. ನಮ್ಮ ವೃತ್ತಿಯವರ ಬಗ್ಗೆ ನೀನು ಎತ್ತಿದ ಮಾತು ನೋವು ಕೊಡುತ್ತದೆ ತಮ್ಮಾ, ಆದರೆ ಎತ್ತಬೇಕಾದ ಮಾತೇ.

ಈಗ 2022ರಿಂದ ಕಾನೂನು ನೆರವು ರಕ್ಷಣಾ ವಕೀಲರ ಪದ್ಧತಿ ಅಂತ ಬಂದಿದೆ. ಮೊದಲು ಖಾಸಗಿ ಕೇಸು ನಡೆಸುತ್ತಾ ಬಿಡುವಿನಲ್ಲಿ ಈ ಕೇಸು ನೋಡುತ್ತಿದ್ದರು. ಈ ಪದ್ಧತಿಯಲ್ಲಿ ಸಂಬಳ ತೆಗೆದುಕೊಂಡು ಆರೋಪಿಗಳ ಕೇಸು ಮಾತ್ರ ನಡೆಸುವ ಪೂರ್ಣಾವಧಿ ವಕೀಲರಿದ್ದಾರೆ. ಸರ್ಕಾರದ ಕಡೆ ಪಿಪಿ, ಅಂದರೆ ಸರ್ಕಾರಿ ಅಭಿಯೋಜಕರು ಇದ್ದ ಹಾಗೆ ಈ ಕಡೆಗೂ ಒಂದು ಕಚೇರಿ. ಇದನ್ನು ಗಟ್ಟಿ ಮಾಡಬೇಕು ಅನ್ನುವುದು ನನ್ನ ಆಸೆ. ಊರಿನ ಸಿಟ್ಟು ಆ ಕಚೇರಿಯ ಬಾಗಿಲು ಮುಚ್ಚಿಸಲಾರದು.

ಹುಣಸೂರು ಓದುಗ

ಸುಪ್ರೀಂ ಕೋರ್ಟಿನಲ್ಲೂ ಸೋತರೆ? ಆಮೇಲೆ ಏನಾದರೂ ಉಳಿಯುತ್ತದಾ?

ಮಂಡ್ಯ ವಕೀಲ

ಉಳಿಯುತ್ತದೆ. ಪುನರ್‌ಪರಿಶೀಲನಾ ಅರ್ಜಿ ಹಾಕಬಹುದು. ಮುಂಚೆ ಅದನ್ನು ನ್ಯಾಯಾಧೀಶರು ಕೋಣೆಯೊಳಗೆ ಓದಿ ಮುಗಿಸುತ್ತಿದ್ದರು. 2014ರ ಮೊಹಮ್ಮದ್ ಆರಿಫ್ ತೀರ್ಪಿನ ಮೇಲೆ ಗಲ್ಲು ಕೇಸುಗಳಲ್ಲಿ ಮೂವರು ನ್ಯಾಯಾಧೀಶರು ತೆರೆದ ಕೋರ್ಟಿನಲ್ಲಿ ವಕೀಲರ ವಾದ ಕೇಳಬೇಕು. ಇದು ಶಾಸ್ತ್ರಕ್ಕೆ ಇರುವ ಮೆಟ್ಟಿಲಲ್ಲ. ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನಕ್ಕೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ಅಂದಿತ್ತು. ಅವರಲ್ಲಿ ಮೂವರಿಗೆ ಹೈಕೋರ್ಟ್ ಜೀವಾವಧಿಗೆ ಇಳಿಸಿತ್ತು, ಅದನ್ನೂ ಗಲ್ಲಿಗೆ ಏರಿಸಿತ್ತು. 2019ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ಪುನರ್‌ಪರಿಶೀಲನೆಯಲ್ಲಿ ಆರೂ ಜನರನ್ನು ನಿರ್ದೋಷಿಗಳು ಅಂತ ಬಿಟ್ಟಿತು. ಪ್ರತ್ಯಕ್ಷ ಸಾಕ್ಷಿ ಮೊದಲು ಪೊಲೀಸರ ಫೋಟೋ ಆಲ್ಬಂನಲ್ಲಿ ಗುರುತಿಸಿದ್ದು ಬೇರೆಯೇ ನಾಲ್ವರನ್ನು. ಅವರನ್ನು ಪೊಲೀಸರು ವಿಚಾರಿಸಲೇ ಇಲ್ಲ. ಈ ಕಾಗದ ಕಡತದಲ್ಲೇ ಇತ್ತು. ತಲಾ ಐದು ಲಕ್ಷ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಹದಿನಾರು ವರ್ಷ ಹೋಗಿತ್ತು.

ಅದಾದ ಮೇಲೆ ಕ್ಯುರೇಟಿವ್ ಅರ್ಜಿ, ಅಂದರೆ ಸುಪ್ರೀಂ ಕೋರ್ಟಿಗೇ ಹಾಕುವ ಕೊನೆಯ ತಿದ್ದುಪಡಿ ಅರ್ಜಿ. ಆಮೇಲೆ ರಾಜ್ಯಪಾಲರಿಗೆ, ರಾಷ್ಟ್ರಪತಿಗೆ ಕ್ಷಮಾದಾನದ ಅರ್ಜಿ. 2024ರ ಜುಲೈನಿಂದ ಬಂದ ಹೊಸ ಸಂಹಿತೆಯಲ್ಲಿ ಇದಕ್ಕೂ ಗಡುವು ಹಾಕಿದ್ದಾರೆ. ಜೈಲು ಸೂಪರಿಂಟೆಂಡೆಂಟ್ ತಿಳಿಸಿದ 30 ದಿನದೊಳಗೆ ಕೊಡಬೇಕು. ಮೊದಲು ರಾಜ್ಯಪಾಲರಿಗೆ ಕೊಟ್ಟು ಅಲ್ಲಿ ತಿರಸ್ಕಾರ ಆದರೆ ರಾಷ್ಟ್ರಪತಿಗೆ ಹೋಗಲು 60 ದಿನ. ಓದು ಬರದ ಮನೆಯವರಿಗೆ ಇದು ಬಹಳ ಬಿಗಿ. ಆದ್ದರಿಂದ ಜೈಲಿಗೆ ಹೋಗಿಬರುವ ವಕೀಲರು ಕೊನೆಯವರೆಗೂ ಬೇಕು.

ಕೆ.ಆರ್. ಪೇಟೆ ಗೌಡ

ಒಪ್ಪುತ್ತೇನೆ ಅಂತ ಪೂರ್ತಿ ಹೇಳಲಾರೆ. ಕೆಲವು ಕೃತ್ಯಕ್ಕೆ ಗಲ್ಲೇ ಸರಿ ಅನ್ನುವುದು ನನ್ನ ನಂಬಿಕೆ. ಆದರೆ ಗಲ್ಲು ಕೊಡುವುದಾದರೆ ಕೊಡುವ ಮುಂಚೆ ಅವನ ಕಡೆಯ ಮಾತು ಸರಿಯಾಗಿ ಕೇಳಿರಬೇಕು, ಅದು ಸತ್ಯ. ಊರಿನ ಪಂಚಾಯಿತಿಯಲ್ಲೂ ಒಬ್ಬರ ಮಾತು ಕೇಳಿ ತೀರ್ಮಾನ ಮಾಡಲ್ಲ.

ಮದ್ದೂರು ಮೇಷ್ಟ್ರು

ಗೌಡ್ರೇ, ನಿಮಗೂ ವಂದನೆ. ವಕೀಲ್ ಸಾರ್, ಇವತ್ತು ಆ ತಾಯಿ ಜೊತೆ ಜೈಲಿಗೆ ಹೋಗಿದ್ದೆ. ತೀರ್ಪಿನ ನಕಲು ಅವನ ಹತ್ತಿರ ಇದೆ, ಆದರೆ ಇಂಗ್ಲಿಷಿನಲ್ಲಿದೆ, ಯಾರೂ ಓದಿ ಹೇಳಿಲ್ಲ. ಶಿಕ್ಷೆಯ ಬಗ್ಗೆ ಏನು ಹೇಳುತ್ತೀಯ ಅಂತ ನ್ಯಾಯಾಧೀಶರು ಕೇಳಿದಾಗ ಅವನು "ತಾಯಿ ಒಬ್ಬಳೇ ಇದ್ದಾಳೆ" ಅಂತಷ್ಟೇ ಹೇಳಿದನಂತೆ. ವಕೀಲರು "ಕರುಣೆ ತೋರಿಸಿ" ಅಂದು ಕೂತರಂತೆ. ಅವತ್ತೇ ಶಿಕ್ಷೆ ಹೇಳಿದರಂತೆ. ಬೆಳಗಾವಿಗೆ ಕಳಿಸುತ್ತಾರೆ ಅನ್ನುವ ಮಾತೂ ಇದೆ. ಇಲ್ಲಿಂದ ಐನೂರು ಕಿಲೋಮೀಟರಿಗೂ ಜಾಸ್ತಿ. ಆಯಮ್ಮ ಹೇಗೆ ಹೋಗುತ್ತಾರೆ?

ಮಂಡ್ಯ ವಕೀಲ

ಮೇಷ್ಟ್ರೇ, ನೀವು ಈಗ ಬರೆದದ್ದು ಅಪೀಲಿನಲ್ಲಿ ಬಹಳ ಮುಖ್ಯ.

ಕೊಲೆಗೆ ಮಾಮೂಲಿ ಶಿಕ್ಷೆ ಜೀವಾವಧಿ. ಗಲ್ಲು ಕೊಡಲು ವಿಶೇಷ ಕಾರಣ ಬರೆಯಬೇಕು. 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಅಂದರು. ಕೃತ್ಯದ ಕ್ರೌರ್ಯ ಮಾತ್ರ ನೋಡಿದರೆ ಸಾಲದು, ಆ ಮನುಷ್ಯ ಯಾರು, ಬದಲಾಗಬಲ್ಲನಾ ಅನ್ನುವುದನ್ನೂ ನೋಡಬೇಕು ಅಂದರು. ಇದಕ್ಕಾಗಿಯೇ ಶಿಕ್ಷೆಯ ಬಗ್ಗೆ ಬೇರೆ ವಿಚಾರಣೆ ಇರುವುದು. ಎಷ್ಟೋ ಕೋರ್ಟುಗಳಲ್ಲಿ ಅದು ಐದು ನಿಮಿಷದಲ್ಲಿ ಮುಗಿಯುತ್ತಿತ್ತು. 2022ರ ಮೇ ತಿಂಗಳಲ್ಲಿ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿತು. ಆರೋಪಿಯ ಬಾಲ್ಯ, ಮನೆಯ ಪರಿಸ್ಥಿತಿ, ಓದು, ಮನಸ್ಸಿನ ಆರೋಗ್ಯ, ಜೈಲಿನ ನಡತೆ ಎಲ್ಲದರ ವರದಿ ವಿಚಾರಣಾ ಕೋರ್ಟೇ ತರಿಸಿಕೊಂಡು ನೋಡಬೇಕು ಅಂತ ಹೇಳಿದೆ.

ಆ ಹುಡುಗ ನಿಮ್ಮ ಹತ್ತಿರ ಓದಿದವನು. ಶಾಲೆಯ ದಾಖಲಾತಿ ಪುಸ್ತಕ, ವರ್ಗಾವಣೆ ಪತ್ರ, ಹುಟ್ಟಿದ ದಿನಾಂಕ ಹುಡುಕಿ. ಹುಟ್ಟಿದ ದಿನಾಂಕ ಬಹಳ ಮುಖ್ಯ, ಕೃತ್ಯದ ದಿನ 18 ತುಂಬಿರದಿದ್ದರೆ ಗಲ್ಲು ಕೊಡುವಂತೆಯೇ ಇಲ್ಲ. ಯಾವಾಗ ಶಾಲೆ ಬಿಟ್ಟ, ಯಾಕೆ ಬಿಟ್ಟ, ಅಪ್ಪ ಇದ್ದರಾ, ತಲೆಗೆ ಪೆಟ್ಟು ಬಿದ್ದಿತ್ತಾ, ಆಸ್ಪತ್ರೆ ಚೀಟಿ ಇದೆಯಾ, ಎಲ್ಲ ಬರೆದಿಡಿ. ಒಳ್ಳೆಯದನ್ನು ಮಾತ್ರ ಬರೆಯಬೇಡಿ, ಇದ್ದದ್ದು ಇದ್ದ ಹಾಗೆ ಬರೆಯಿರಿ.

ಬೆಳಗಾವಿಗೆ ಕಳಿಸಿದರೂ ವಕೀಲರ ಭೇಟಿಗೆ ತಡೆ ಇಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕಿದ್ದಾರಾ ಅಂತಲೂ ಕೇಳುತ್ತಿರಿ. ಅಪೀಲು, ಕ್ಷಮಾದಾನ ಎಲ್ಲ ಮುಗಿಯುವ ಮುಂಚೆ ಹಾಗೆ ಮಾಡುವಂತಿಲ್ಲ. ಹಿಂಡಲಗಾದಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಇಟ್ಟಿದ್ದರು ಅನ್ನುವ ಕಾರಣಕ್ಕೇ ಅತ್ಯಾಚಾರ, ಕೊಲೆ ಕೇಸಿನ ಉಮೇಶ್ ರೆಡ್ಡಿಯ ಗಲ್ಲು ಶಿಕ್ಷೆ 2022ರ ನವೆಂಬರ್‌ನಲ್ಲಿ ಕನಿಷ್ಠ 30 ವರ್ಷ ಒಳಗಿರಬೇಕಾದ ಜೀವಾವಧಿಗೆ ಇಳಿಯಿತು. ಆ ಹೆಸರು ಕೇಳಿದರೆ ಇಲ್ಲಿ ಬಹಳ ಜನಕ್ಕೆ ಸಿಟ್ಟು ಬರುತ್ತದೆ, ಗೊತ್ತು. ನಿಯಮ ಅವನಿಗೂ ಒಂದೇ.

ನಂಜನಗೂಡು ನಿವಾಸಿ

ವಕೀಲರೇ, ಕೇಸ್ ನಂಬರ್ ಕಳಿಸಿದ್ದೇನೆ. ಅಮ್ಮನ ಹೆಸರಿನಲ್ಲಿ ಅರ್ಜಿ ಹಾಕುವುದಕ್ಕೆ ಏನೇನು ಬೇಕು ಹೇಳಿ. ಮೇಷ್ಟ್ರೇ, ಆ ಹುಡುಗನ ತಾಯಿಯ ಮೇಲೆ ನನಗೆ ಯಾವ ಕೋಪವೂ ಇಲ್ಲ. ನಮ್ಮ ಕೇಸಿನ ಆರೋಪಿಯ ತಾಯಿಯನ್ನೂ ಕೋರ್ಟಿನ ಹೊರಗೆ ನೋಡಿದ್ದೇನೆ.

ಮಂಡ್ಯ ವಕೀಲ

ಅಣ್ಣ, ತಾಯಿಯವರ ಆಧಾರ್, ಕೆಳಗಿನ ಕೋರ್ಟಿನ ತೀರ್ಪಿನ ನಕಲು, ಒಂದು ಬಿಳಿ ಹಾಳೆಯ ಅರ್ಜಿ ಸಾಕು. ಅಪೀಲು ಬೆಂಗಳೂರಿನ ಪೀಠದಲ್ಲೇ ಇದೆ, ಧಾರವಾಡಕ್ಕೆ ಹೋಗಬೇಕಿಲ್ಲ. ಮುಂದಿನ ದಿನಾಂಕ ನಿಮಗೆ ಮೆಸೇಜ್ ಮಾಡಿದ್ದೇನೆ.

ಮೇಷ್ಟ್ರೇ, ಸೋಮವಾರ ಬೆಳಗ್ಗೆ ತಾಯಿಯನ್ನು ಕರೆದುಕೊಂಡು ಮಂಡ್ಯ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಬನ್ನಿ. ನಾನೂ ಬರುತ್ತೇನೆ. ಅಲ್ಲಿಂದಲೇ ಹೈಕೋರ್ಟ್ ಸಮಿತಿಗೆ ಕಳಿಸಬಹುದು. ಹುಡುಗನೂ ಜೈಲು ಅಧಿಕಾರಿಯ ಮೂಲಕ ಅರ್ಜಿ ಕೊಡಬಹುದು, ಎರಡೂ ಮಾಡೋಣ. ಮಧ್ಯೆ ಏನಾದರೂ ತೊಂದರೆ ಆದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ನೆರವಿನ ಸಹಾಯವಾಣಿ.

ಮದ್ದೂರು ಮೇಷ್ಟ್ರು

ಬರುತ್ತೇವೆ ಸಾರ್. ಜಮೀನಿನ ಮಾತುಕತೆ ಸದ್ಯಕ್ಕೆ ನಿಲ್ಲಿಸಿದ್ದಾರೆ. ಶಾಲೆಯ ಹಳೆಯ ದಾಖಲಾತಿ ಪುಸ್ತಕ ನಾಳೆ ಬೀರುವಿನಿಂದ ತೆಗೆಸುತ್ತೇನೆ, ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿದ್ದೇನೆ.

ಪಾಂಡವಪುರ ಅಕ್ಕ

ಮೇಷ್ಟ್ರೇ, ತೀರ್ಪನ್ನು ಕನ್ನಡದಲ್ಲಿ ಓದಿ ಹೇಳುವವರು ಬೇಕಾದರೆ ನನ್ನ ಮಗಳು ಕಾನೂನು ಓದುತ್ತಿದ್ದಾಳೆ. ಸೋಮವಾರ ಅವಳನ್ನೂ ಕಳಿಸುತ್ತೇನೆ.